ಗುಲ್ಮಾರ್ಗಿನಲ್ಲಿ ಕಲಿತ ಕಾಲು, ಬದಿಯಡ್ಕದ ಚಾವಡಿಯ ಪರದೆ: ಸ್ಕೀ ರೇಸ್ ನೋಡುವವರಿಗೆ ಸಮಗ್ರ ಮಾರ್ಗದರ್ಶಿ

ಜನವರಿಯ ಮಧ್ಯಾಹ್ನ ಮೂರು ಗಂಟೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಂಗಳದ ತುಂಬ ಅಡಿಕೆ ಹರಡಿರುತ್ತದೆ, ಬರಿಗಾಲಲ್ಲಿ ಇಳಿದರೆ ಪಾದ ಚುರ್ರೆನ್ನುತ್ತದೆ. ಅದೇ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಅಡೆಲ್ಬೋಡೆನ್ ಎಂಬ ಊರಿನಲ್ಲಿ ಬೆಳಿಗ್ಗೆ ಹತ್ತೂವರೆ. ಜೈಂಟ್ ಸ್ಲಾಲಮ್‌ನ (ಗೇಟು ಸುತ್ತಿ ಇಳಿಯುವ ಒಂದು ಬಗೆಯ ಸ್ಕೀ ಓಟ) ಮೊದಲ ಸ್ಪರ್ಧಿ ಗುಡ್ಡದ ಮೇಲೆ ಎರಡೂ ಕೋಲುಗಳನ್ನು ಊರಿ ನಿಂತಿರುತ್ತಾನೆ. ಒಂದು ವರ್ಷ ಅಕ್ಕನ ಮಗ ನನ್ನ ಪಕ್ಕದಲ್ಲಿ ಕುಳಿತು ಹತ್ತು ಮಂದಿ ಇಳಿಯುವುದನ್ನು ನೋಡಿ ಕೇಳಿದ: "ಮಾವ, ಎಲ್ಲರೂ ಒಂದೇ ರೀತಿ ಇಳಿಯುತ್ತಾರಲ್ಲ, ಇದರಲ್ಲಿ ನೋಡುವುದಕ್ಕೆ ಏನಿದೆ?"

ಪ್ರಶ್ನೆ ಸರಿಯಾದದ್ದೇ. ಮೊದಲ ಎರಡು ಚಳಿಗಾಲ ನನಗೂ ಹಾಗೆಯೇ ಕಾಣುತ್ತಿತ್ತು. ಯಾರು ಗೆದ್ದರು ಎಂಬುದನ್ನು ಪರದೆಯ ಮೂಲೆಯ ಅಂಕಿ ಹೇಳುತ್ತಿತ್ತು, ಏಕೆ ಗೆದ್ದರು ಎಂಬುದು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಅದು ಕಣ್ಣಿಗೆ ಬೀಳುವಂತೆ ಮಾಡಿಕೊಳ್ಳುವುದು ಹೇಗೆ ಎಂದು ಹೇಳುವುದಕ್ಕೇ ಈ ಬರಹ. ಗುಲ್ಮಾರ್ಗ್, ಔಲಿ ಅಥವಾ ಮನಾಲಿಯಲ್ಲಿ ಏಳು ದಿನದ, ಹದಿನಾಲ್ಕು ದಿನದ ತರಬೇತಿ ಮುಗಿಸಿ ಬಂದವರು, ಎರಡು ಸ್ಕೀಗಳನ್ನು ಸಮಾನಾಂತರವಾಗಿ ಇಟ್ಟು ತಿರುಗಲು ಕಲಿತವರು ಇದರ ಓದುಗರು. ನಮ್ಮ ಕಡೆಯ ಎಷ್ಟೋ ಮನೆಗಳಿಂದ ಒಬ್ಬರಾದರೂ ಗಲ್ಫ್‌ನಲ್ಲಿರುತ್ತಾರೆ. ದುಬೈಯ ಮಾಲ್ ಒಳಗಿನ 400 ಮೀಟರ್ ಹಿಮದ ಇಳಿಜಾರಿನಲ್ಲಿ ಮೊದಲ ಬಾರಿ ಸ್ಕೀ ಕಟ್ಟಿದವರೂ ಇಲ್ಲಿ ಸೇರುತ್ತಾರೆ. ಕಾಲಿನಲ್ಲಿ ಅಷ್ಟು ಅನುಭವ ಇದ್ದರೆ ಸಾಕು.

ಮೊದಲು ಪಂಚಾಂಗ ಹೊಂದಿಸಿಕೊಳ್ಳಿ

ಆಲ್ಪೈನ್ ಸ್ಕೀಯಿಂಗ್ ವಿಶ್ವಕಪ್ ಒಂದು ದಿನದ ಪಂದ್ಯ ಅಲ್ಲ. 1967ರಲ್ಲಿ ಆರಂಭವಾದ ಈ ಸರಣಿ ಪ್ರತಿ ವರ್ಷ ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಊರಿಂದ ಊರಿಗೆ ತಿರುಗುತ್ತದೆ. ನಮ್ಮ ಯಕ್ಷಗಾನ ಮೇಳಗಳ ತಿರುಗಾಟವನ್ನು ನೆನೆದರೆ ಇದರ ಸ್ವರೂಪ ತಕ್ಷಣ ಹಿಡಿಯುತ್ತದೆ: ಅದೇ ಕಲಾವಿದರು, ಬೇರೆ ಬೇರೆ ಬಯಲು. ಆರಂಭ ಆಸ್ಟ್ರಿಯಾದ ಸೋಲ್ಡೆನ್‌ನ ಹಿಮನದಿಯ ಮೇಲೆ. ನವೆಂಬರಿನಲ್ಲಿ ಫಿನ್ಲೆಂಡಿನ ಲೆವಿ. ಅಲ್ಲಿ ಗೆದ್ದವರಿಗೆ ಒಂದು ಹಿಮಸಾರಂಗ ಬಹುಮಾನ, ಅದಕ್ಕೆ ಹೆಸರಿಡುವ ಹಕ್ಕು ಗೆದ್ದವರದು. (ಕಂಬಳದಲ್ಲಿ ಪವನು ಚಿನ್ನ ಕೊಡುವ ಊರಿನವರಾದ ನಮಗೆ ಇದು ಬಹಳ ಇಷ್ಟವಾಗುವ ಸಂಗತಿ.) ಡಿಸೆಂಬರಿನಲ್ಲಿ ಅಮೆರಿಕದ ಬೀವರ್ ಕ್ರೀಕ್, ಇಟಲಿಯ ವಾಲ್ ಗಾರ್ಡೆನಾ, ಆಲ್ಟಾ ಬಾಡಿಯಾ. ಜನವರಿ ಎಂದರೆ ಹಬ್ಬದ ತಿಂಗಳು: ಅಡೆಲ್ಬೋಡೆನ್, ವೆಂಗೆನ್, ಕಿಟ್ಸ್‌ಬ್ಯೂಯೆಲ್, ಶ್ಲಾಡ್ಮಿಂಗ್. ಬೆಸ ಸಂಖ್ಯೆಯ ವರ್ಷಗಳ ಫೆಬ್ರವರಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್, ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ಸ್.

ನಮ್ಮ ಗಡಿಯಾರಕ್ಕೆ ಇದು ಬಹಳ ಒಗ್ಗುತ್ತದೆ. ಚಳಿಗಾಲದಲ್ಲಿ ಮಧ್ಯ ಯುರೋಪಿಗಿಂತ ನಾವು ನಾಲ್ಕೂವರೆ ಗಂಟೆ ಮುಂದೆ. ಅಲ್ಲಿ ಹತ್ತೂವರೆಗೆ ಮೊದಲ ಓಟವಾದರೆ ಇಲ್ಲಿ ಮೂರು, ಅಲ್ಲಿ ಒಂದೂವರೆಗೆ ಎರಡನೆಯ ಓಟವಾದರೆ ಇಲ್ಲಿ ಸಂಜೆ ಆರು, ದೇವರ ದೀಪ ಹಚ್ಚುವ ಹೊತ್ತು. ನಡುವಿನ ಮೂರು ಗಂಟೆಯಲ್ಲಿ ಅಡಿಕೆ ರಾಶಿ ಮಾಡಿ ಮುಚ್ಚಿ, ಹಟ್ಟಿ ಕೆಲಸ ಮುಗಿಸಿ, ಸ್ನಾನ ಮಾಡಿ ಬಂದು ಕೂರಬಹುದು. ಒಂದು ಎಚ್ಚರಿಕೆ: ಯುರೋಪಿನಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಸೋಲ್ಡೆನ್ ರೇಸ್ ಹೆಚ್ಚಾಗಿ ಅದೇ ವಾರಾಂತ್ಯಕ್ಕೆ ಬೀಳುತ್ತದೆ. ಅಂದರೆ ಶನಿವಾರ ಬೆಳಗ್ಗಿನ ಹತ್ತು ಗಂಟೆ ನಮಗೆ ಒಂದೂವರೆ, ಭಾನುವಾರದ ಹತ್ತು ಗಂಟೆ ಎರಡೂವರೆ. ಅಮೆರಿಕದ ಬೀವರ್ ಕ್ರೀಕ್ ರೇಸ್ ನೋಡಬೇಕಾದರೆ ರಾತ್ರಿ ಹನ್ನೊಂದು ದಾಟುತ್ತದೆ. ಶ್ಲಾಡ್ಮಿಂಗಿನ ರಾತ್ರಿ ಸ್ಲಾಲಮ್‌ನ ಎರಡನೆಯ ಓಟವೂ ಇಲ್ಲಿ ನಡುರಾತ್ರಿಯ ನಂತರವೇ. ಬಯಲಾಟಕ್ಕೆ ಬೆಳಗಿನವರೆಗೆ ಕುಳಿತ ಅಭ್ಯಾಸ ಇರುವವರಿಗೆ ಅದು ದೊಡ್ಡದಲ್ಲ.

ನೇರ ಪ್ರಸಾರದ ಹಕ್ಕು ಕೈಯಿಂದ ಕೈಗೆ ಬದಲಾಗುತ್ತಿರುತ್ತದೆ, ಆದ್ದರಿಂದ ಪ್ರತಿ ಅಕ್ಟೋಬರಿನಲ್ಲಿ ಒಮ್ಮೆ ವಿಚಾರಿಸಿ ಇಟ್ಟುಕೊಳ್ಳಿ. ಅದಕ್ಕಿಂತ ಮುಖ್ಯವಾದದ್ದು ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟವಾದ ಎಫ್‌ಐಎಸ್‌ನ ಜಾಲತಾಣ. ಓಟದ ಆರಂಭಪಟ್ಟಿ, ಪ್ರತಿ ಹಂತದ ಸಮಯ, ಫಲಿತಾಂಶ ಎಲ್ಲವೂ ಅಲ್ಲಿ ಉಚಿತವಾಗಿ ಸಿಗುತ್ತದೆ. ಗುಡ್ಡದ ಬದಿಯ ಮನೆಗಳಲ್ಲಿ ನೆಟ್‌ವರ್ಕ್ ಎರಡು ಗೀಟು ತೋರಿಸುವಾಗ ವಿಡಿಯೊ ನಿಂತುಹೋದರೂ ಈ ಅಂಕಿಗಳ ಪುಟ ಓಡುತ್ತದೆ. ಇನ್ನು ರೇಸ್ ತಪ್ಪಿಹೋದರೆ ಬೇಸರ ಬೇಡ. ಫಲಿತಾಂಶ ತಿಳಿದ ಮೇಲೆ ವಿಡಿಯೊ ನೋಡುವುದರಿಂದ ಕಲಿಯುವುದು ಹೆಚ್ಚು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸೀಮೆಯವರು ನಾವು. ಕಥೆ ಮೊದಲೇ ಗೊತ್ತಿದ್ದೂ ಇಡೀ ರಾತ್ರಿ ಕೂರುವವರು, ಇವತ್ತಿನ ವೇಷಧಾರಿ ಅದನ್ನು ಹೇಗೆ ತಂದ ಎಂದು ನೋಡುವುದಕ್ಕೆ.

ನಾಲ್ಕು ಬಗೆಯ ಓಟ

ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಭಾಗಗಳಿರುವಂತೆ ಇಲ್ಲಿಯೂ ಇವೆ. ಸ್ಲಾಲಮ್‌ನಲ್ಲಿ ಗೇಟುಗಳು (ಸ್ಪರ್ಧಿ ಸುತ್ತಿ ಇಳಿಯಬೇಕಾದ, ಹಿಮದಲ್ಲಿ ನೆಟ್ಟ ಕಂಬಗಳು) ಹತ್ತಿರ ಹತ್ತಿರ, ಸ್ಕೀ ಗಿಡ್ಡ (ಪುರುಷರಿಗೆ ಕನಿಷ್ಠ 165 ಸೆಂಟಿಮೀಟರ್, ಮಹಿಳೆಯರಿಗೆ 155), ತಿರುವು ಚುರುಕು. ಜೈಂಟ್ ಸ್ಲಾಲಮ್‌ನಲ್ಲಿ ಗೇಟುಗಳ ನಡುವೆ ಅಂತರ ಹೆಚ್ಚು, ತಿರುವು ದೊಡ್ಡದು, ಉರುಟು. ಇವೆರಡಕ್ಕೂ ಒಂದೇ ದಿನ ಎರಡು ಓಟ, ಎರಡರ ಸಮಯವನ್ನು ಕೂಡಿಸುತ್ತಾರೆ. ಡೌನ್‌ಹಿಲ್ ವೇಗದ ಓಟ: ಒಂದೇ ಇಳಿತ, ಗಂಟೆಗೆ 120-150 ಕಿಲೋಮೀಟರ್. ಅಪಾಯ ಹೆಚ್ಚಾದ್ದರಿಂದ ಹಿಂದಿನ ದಿನಗಳಲ್ಲಿ ಅಭ್ಯಾಸದ ಓಟ ಇರುತ್ತದೆ. ಸೂಪರ್-ಜಿ ಜೈಂಟ್ ಸ್ಲಾಲಮ್ ಮತ್ತು ಡೌನ್‌ಹಿಲ್ ನಡುವಿನದು; ವೇಗ ಡೌನ್‌ಹಿಲ್‌ಗೆ ಹತ್ತಿರ, ಆದರೆ ಅಭ್ಯಾಸದ ಓಟ ಇಲ್ಲ. ಬೆಳಿಗ್ಗೆ ಹಾದಿಯ ಪಕ್ಕದಲ್ಲಿ ಮೆಲ್ಲನೆ ಜಾರುತ್ತಾ ಒಮ್ಮೆ ನೋಡಿ ಮನದಲ್ಲಿ ಉಳಿಸಿಕೊಂಡದ್ದಷ್ಟೇ ಬಂಡವಾಳ.

ಹವ್ಯಾಸಿಯಾದ ನೀವು ಜೈಂಟ್ ಸ್ಲಾಲಮ್‌ನಿಂದಲೇ ಆರಂಭಿಸಿ ಎಂದು ನಾನು ಒತ್ತಾಯವಾಗಿ ಹೇಳುತ್ತೇನೆ. ಹೆಚ್ಚಿನವರು ಡೌನ್‌ಹಿಲ್‌ಗೆ ಮರುಳಾಗುತ್ತಾರೆ. ಕಿಟ್ಸ್‌ಬ್ಯೂಯೆಲ್‌ನ ಷ್ಟ್ರೈಫ್ ಹಾದಿಯ ಮೊದಲ ಜಿಗಿತ, ವೆಂಗೆನ್‌ನ ನಾಲ್ಕೂವರೆ ಕಿಲೋಮೀಟರ್ ಸಮೀಪದ ಉದ್ದ, 2013ರಲ್ಲಿ ಅಲ್ಲಿ ಯೋಹಾನ್ ಕ್ಲಾರೆ ಮುಟ್ಟಿದ 161.9 ಕಿಲೋಮೀಟರ್ ವೇಗ, ಇವು ಎದೆ ಝಲ್ಲೆನಿಸುವುದು ನಿಜ. ಆದರೆ ಅಲ್ಲಿ ಆಗುವುದು ನಮ್ಮ ಕಾಲಿನ ಅನುಭವದಿಂದ ಬಹಳ ದೂರ. ಸ್ಲಾಲಮ್‌ನಲ್ಲಿ ಒಂದು ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ತಿರುವು, ಹೊಸ ಕಣ್ಣಿಗೆ ಹಿಡಿಯುವುದಿಲ್ಲ. ಜೈಂಟ್ ಸ್ಲಾಲಮ್‌ನ ತಿರುವು ಗುಲ್ಮಾರ್ಗಿನಲ್ಲಿ ನೀವು ಕಲಿತ ತಿರುವಿನ ದೊಡ್ಡಣ್ಣ. ಅದರ ಆರಂಭ, ನಡು, ಕೊನೆ ಮೂರೂ ಕಾಣುತ್ತವೆ.

ಆರಂಭಪಟ್ಟಿ ಓದುವುದು

ರೇಸಿನ ಹಿಂದಿನ ಸಂಜೆ ಪಟ್ಟಿ ಹೊರಬರುತ್ತದೆ. ಸ್ಲಾಲಮ್ ಮತ್ತು ಜೈಂಟ್ ಸ್ಲಾಲಮ್‌ನಲ್ಲಿ ಅತ್ಯುತ್ತಮ ಏಳು ಮಂದಿಗೆ ಒಂದರಿಂದ ಏಳರವರೆಗಿನ ಬಿಬ್ ಸಂಖ್ಯೆಯನ್ನು (ಎದೆಯ ಮೇಲೆ ಧರಿಸುವ, ಇಳಿಯುವ ಸರದಿಯ ಸಂಖ್ಯೆ) ಚೀಟಿ ಎತ್ತಿ ಹಂಚುತ್ತಾರೆ, ನಂತರದ ಎಂಟು ಮಂದಿಗೆ ಎಂಟರಿಂದ ಹದಿನೈದು. ಮುಂಚೆ ಇಳಿಯುವುದೇ ಏಕೆ ಲಾಭ? ರೇಸಿನ ಹಾದಿ ನಾವು ಜಾರುವ ಮೆತ್ತನೆಯ ಹಿಮ ಅಲ್ಲ. ಹಿಮದೊಳಕ್ಕೆ ನೀರು ಹಾಯಿಸಿ ಗಟ್ಟಿ ಮಂಜುಗಡ್ಡೆಯಾಗುವಂತೆ ಮಾಡಿರುತ್ತಾರೆ. ಆದರೂ ಪ್ರತಿಯೊಬ್ಬರೂ ಅದೇ ಜಾಗದಲ್ಲಿ ಸ್ಕೀಯ ಅಂಚು ಊರುವುದರಿಂದ ಗೇಟಿನ ಬಳಿ ಗಾಡಿಜಾಡಿನಂತೆ ಕೊರಕಲು ಬೀಳುತ್ತದೆ. ನಲವತ್ತನೆಯವನಿಗೆ ಸಿಗುವ ಹಾದಿಯೇ ಬೇರೆ. ಮಳೆಗಾಲದಲ್ಲಿ ತೋಟದ ಮಣ್ಣಿನ ದಾರಿಯಲ್ಲಿ ಮೊದಲ ಜೀಪಿಗೂ ಹತ್ತನೆಯ ಜೀಪಿಗೂ ಎಷ್ಟು ವ್ಯತ್ಯಾಸ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗಾಗಿ ದೊಡ್ಡ ಸಂಖ್ಯೆಯ ಬಿಬ್ ಧರಿಸಿ ಮೊದಲ ಮೂವತ್ತರೊಳಗೆ ಬಂದವರನ್ನು ಗುರುತು ಹಾಕಿಕೊಳ್ಳಿ. ಮೊದಲ ಓಟದ ಮೂವತ್ತು ಮಂದಿಗೆ ಮಾತ್ರ ಎರಡನೆಯ ಓಟ, ಅದೂ ತಿರುಗುಮುರುಗಾಗಿ: ಮೂವತ್ತನೆಯವನು ಮೊದಲು ಇಳಿಯುತ್ತಾನೆ, ಮುಂದಿದ್ದವನು ಕೊನೆಗೆ. ಬಿಬ್ 58 ಹಾಕಿ ಮೂವತ್ತನೆಯವನಾಗಿ ಒಳಗೆ ಬಂದ ಹುಡುಗನಿಗೆ ಎರಡನೆಯ ಓಟದಲ್ಲಿ ಇಡೀ ದಿನದ ಅತ್ಯಂತ ನಯವಾದ ಹಾದಿ ಸಿಗುತ್ತದೆ. ಅವನು ಹತ್ತು ಸ್ಥಾನ ಮೇಲೇರುವುದನ್ನು ನೋಡುವ ಸುಖವನ್ನು ಗೆದ್ದವನ ಓಟವೂ ಕೊಡಲಾರದು.

ಕೊನೆಯವರೆಗೆ ಕೂರಿ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಮಹಿಳೆಯರ ಸೂಪರ್-ಜಿಯಲ್ಲಿ ಪ್ರಮುಖರೆಲ್ಲ ಇಳಿದು ಆಗಿತ್ತು, ಆನಾ ಫೈತ್ ಅವರೇ ಗೆದ್ದರೆಂದು ಎಲ್ಲರೂ ತಿಳಿದಿದ್ದರು. ಆಗ ಬಿಬ್ 26 ಧರಿಸಿದ್ದ ಚೆಕ್ ದೇಶದ ಎಸ್ಟರ್ ಲೆಡೆಟ್ಸ್‌ಕಾ ಇಳಿದು 0.01 ಸೆಕೆಂಡಿನಿಂದ ಚಿನ್ನ ಗೆದ್ದರು. ಆಕೆ ಹೆಚ್ಚಾಗಿ ಸ್ನೋಬೋರ್ಡ್‌ನಲ್ಲಿ ಹೆಸರಾದವರು. ಅದೇ ಒಲಿಂಪಿಕ್ಸ್‌ನಲ್ಲಿ ಅದರಲ್ಲಿಯೂ ಚಿನ್ನ ಪಡೆದರು.

ವಿಶ್ವಕಪ್ ಅಂಕ ಹೀಗೆ: ಮೊದಲನೆಯವರಿಗೆ 100, ನಂತರ 80, 60, 50, 45, ಹೀಗೆ ಇಳಿಯುತ್ತಾ ಮೂವತ್ತನೆಯವರಿಗೆ 1. ವರ್ಷದ ಮೊತ್ತ ಹೆಚ್ಚಿರುವವರಿಗೆ ದೊಡ್ಡ ಸ್ಫಟಿಕದ ಗೋಳ, ಪ್ರತಿ ವಿಭಾಗಕ್ಕೂ ಚಿಕ್ಕ ಗೋಳ. ಆಸ್ಟ್ರಿಯಾದ ಮಾರ್ಸೆಲ್ ಹಿರ್ಷರ್ 2012ರಿಂದ 2019ರವರೆಗೆ ಎಂಟು ವರ್ಷ ಸತತವಾಗಿ ದೊಡ್ಡ ಗೋಳ ಗೆದ್ದರು. ಸ್ವೀಡನ್ನಿನ ಇಂಗೆಮಾರ್ ಸ್ಟೆನ್ಮಾರ್ಕ್ ಅವರ 86 ಗೆಲುವುಗಳನ್ನು ಯಾರೂ ದಾಟಲಾರರು ಎಂದಿದ್ದರು. ಅಮೆರಿಕದ ಮಿಕೇಲಾ ಶಿಫ್ರಿನ್ 2023ರ ಮಾರ್ಚಿನಲ್ಲಿ ದಾಟಿ, 2025ರ ಫೆಬ್ರವರಿಯಲ್ಲಿ ಇಟಲಿಯ ಸೆಸ್ಟ್ರಿಯೆರೆಯಲ್ಲಿ ನೂರನೆಯ ಗೆಲುವು ಮುಟ್ಟಿದರು.

ಒಂದೇ ತಿರುವನ್ನು ಮೂವತ್ತು ಬಾರಿ ನೋಡಿ

ನಾನು ಮುಖ್ಯವಾಗಿ ಹೇಳಬೇಕಾದದ್ದು ಇದು. ಸ್ಪರ್ಧಿಯನ್ನು ಮೇಲಿನಿಂದ ಕೆಳಗಿನವರೆಗೆ ಕಣ್ಣಲ್ಲಿ ಹಿಡಿದು ಹೋಗಬೇಡಿ. ಹಾದಿಯಲ್ಲಿ ಒಂದು ಜಾಗ ಆರಿಸಿಕೊಳ್ಳಿ. ಪ್ರತಿಯೊಬ್ಬರೂ ಅಲ್ಲಿಗೆ ಬಂದಾಗ ಮಾತ್ರ ಕಣ್ಣು ಚುರುಕಾಗಲಿ, ಉಳಿದ ಹೊತ್ತು ಅಡಿಕೆ ಸುಲಿಯುತ್ತಿರಿ.

ಯಾವ ಜಾಗ? ಕಡಿದಾದ ಇಳಿಜಾರು ಮುಗಿದು ಹಾದಿ ಸಪಾಟಾಗುವ ಕಡೆಯ ಹಿಂದಿನ ಎರಡು ಮೂರು ಗೇಟುಗಳು. ರೇಸ್ ತೀರ್ಮಾನವಾಗುವುದು ಹೆಚ್ಚಾಗಿ ಅಲ್ಲಿ. ಕಡಿದಾದಲ್ಲಿ ಎಲ್ಲರಿಗೂ ವೇಗ ಇರುತ್ತದೆ. ಅದನ್ನು ಸಪಾಟಿಗೆ ಹೊತ್ತೊಯ್ದವನಿಗೆ ಮುಂದಿನ ಹದಿನೈದು ಸೆಕೆಂಡೂ ಅದರ ಫಲ ಸಿಗುತ್ತದೆ, ಅಲ್ಲಿ ಒಮ್ಮೆ ಎಡವಿದವನಿಗೆ ಆ ಹದಿನೈದು ಸೆಕೆಂಡೂ ನಷ್ಟವೇ. ಕಣ್ಣಿಗೆ ಅಬ್ಬಾ ಎನಿಸುವ ಜಾಗ ಮೇಲಿದೆ, ಸಮಯ ಕಳೆದುಕೊಳ್ಳುವ ಜಾಗ ಕೆಳಗಿದೆ.

ಆ ತಿರುವಿನಲ್ಲಿ ನೋಡಬೇಕಾದದ್ದು ಮೂರು ಸಂಗತಿ.

ಒಂದು, ಹಿಮದ ಪುಡಿ ಎಲ್ಲಿ ಏಳುತ್ತದೆ. ಗೇಟಿಗೆ ಬರುವ ಮೊದಲೇ ಪುಡಿ ಎದ್ದು, ಗೇಟು ದಾಟುವಾಗ ನಿಂತುಹೋದರೆ ಆತ ತಿರುವನ್ನು ಮೇಲೆಯೇ ಮುಗಿಸಿ, ಈಗ ಮುಂದಿನದಕ್ಕೆ ಹೊರಟಿದ್ದಾನೆ ಎಂದು ಅರ್ಥ. ಗೇಟು ದಾಟಿದ ಮೇಲೆ ಕೆಳಗಡೆ ಪುಡಿ ರಾಶಿಯಾಗಿ ಎದ್ದರೆ ತಡವಾಗಿದೆ. ಸ್ಕೀ ಅಡ್ಡ ತಿರುಗಿ ಉಜ್ಜುತ್ತಿದೆ, ಬ್ರೇಕ್ ಬೀಳುತ್ತಿದೆ. ಪುಡಿಯ ಪ್ರಮಾಣವೂ ಮಾತಾಡುತ್ತದೆ. ಅಂಚಿನ ಮೇಲೆ ಶುದ್ಧವಾಗಿ ಹೋದ ಸ್ಕೀ ಹಿಮದಲ್ಲಿ ಎರಡು ತೆಳು ಗೆರೆ ಬಿಟ್ಟುಹೋಗುತ್ತದೆ. ಗುಲ್ಮಾರ್ಗಿನಲ್ಲಿ ನಮ್ಮ ತರಬೇತುದಾರರು ಪ್ರತಿ ಇಳಿತ ಮುಗಿದ ಮೇಲೆ ನಮ್ಮನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸುತ್ತಿದ್ದರು. ಮೇಲೆ ನಾವು ಬಿಟ್ಟುಬಂದ ಗುರುತನ್ನು ನೋಡಬೇಕಿತ್ತು. ನನ್ನ ಗುರುತು ಮೊದಲ ವಾರ ಪೊರಕೆಯಿಂದ ಗುಡಿಸಿದಂತೆ ಅಗಲವಾಗಿತ್ತು. ಒಂಬತ್ತನೆಯ ದಿನ, ಎಡದ ಒಂದೇ ಒಂದು ತಿರುವಿನಲ್ಲಿ, ಒಂದು ಅಳತೆಗೋಲು ಉದ್ದದಷ್ಟು ಜಾಗದಲ್ಲಿ ಅದು ಎರಡು ಗೆರೆಯಾಗಿತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದ್ದೆ. ಗೆರೆಯ ಬದಿ ಚೂರಿಯಲ್ಲಿ ಕೊಯ್ದಂತೆ ನೆಟ್ಟಗಿತ್ತು. ಈಗ ಪರದೆಯಲ್ಲಿ ಸ್ವಿಟ್ಜರ್ಲೆಂಡಿನ ಸ್ಪರ್ಧಿ ಮಾರ್ಕೊ ಓಡರ್ಮಾಟ್ ಗಟ್ಟಿ ಮಂಜುಗಡ್ಡೆಯ ಮೇಲೆ ಅಂಥ ಗೆರೆಯನ್ನು ತಿರುವಿನಿಂದ ತಿರುವಿಗೆ ಎಳೆಯುತ್ತಾ ಹೋಗುವುದನ್ನು ಕಂಡಾಗ ಅದು ಎಷ್ಟು ಕಷ್ಟ ಎಂದು ನನ್ನ ಬೆರಳಿಗೆ ಗೊತ್ತು.

ಎರಡು, ಹೊರಗಿನ ಕಾಲು. ಬಲಕ್ಕೆ ತಿರುಗುವಾಗ ಎಡಗಾಲಿನ ಮೇಲೆ ಭಾರ, ಎಡಕ್ಕೆ ತಿರುಗುವಾಗ ಬಲಗಾಲಿನ ಮೇಲೆ. ಮೊದಲ ದಿನವೇ ಕಲಿಸುವ ಪಾಠ ಇದು, ವಿಶ್ವ ಚಾಂಪಿಯನ್ನರೂ ತಪ್ಪುವುದು ಇದರಲ್ಲೇ. ಮೈ ಒಳಗಡೆಗೆ ಬೇಗ ವಾಲಿ ಒಳಗಿನ ಕಾಲಿನ ಮೇಲೆ ಭಾರ ಬಿದ್ದರೆ ಹೊರಗಿನ ಸ್ಕೀ ಹಿಡಿತ ಬಿಟ್ಟು ತಡತಡ ಕುಣಿಯುತ್ತದೆ. ಆ ಕುಣಿತ ನಿಧಾನಗತಿಯ ಮರುಪ್ರಸಾರದಲ್ಲಿ ಚೆನ್ನಾಗಿ ಕಾಣುತ್ತದೆ.

ಮೂರು, ಎದೆ ಎತ್ತ ನೋಡುತ್ತಿದೆ. ಕಾಲು ಎಡಬಲ ತಿರುಗುತ್ತಿದ್ದರೂ ಒಳ್ಳೆಯ ಸ್ಪರ್ಧಿಯ ಎದೆ ಕಣಿವೆಯ ಕಡೆಗೇ ಇರುತ್ತದೆ. ಸ್ಲಾಲಮ್‌ನಲ್ಲಿ ಇದು ಇನ್ನೂ ಸ್ಪಷ್ಟ: ಮೊಣಕಾಲಿನ ಕೆಳಗಿನ ಕವಚದಿಂದ, ಕೈಯಿಂದ ಗೇಟಿನ ಕಂಬವನ್ನು ಹೊಡೆದು ಬೀಳಿಸುತ್ತಾ ಮೈ ನೇರವಾಗಿ ಇಳಿಯುತ್ತದೆ, ಸ್ಕೀ ಮಾತ್ರ ಕಂಬದ ಹೊರಗಿನಿಂದ ಸುತ್ತಿ ಬರುತ್ತದೆ. ಎರಡು ಸ್ಕೀಗಳ ತುದಿಯೂ ಎರಡು ಪಾದಗಳೂ ಗೇಟಿನ ಸರಿಯಾದ ಬದಿಯಿಂದ ದಾಟಲೇಬೇಕು. ಒಂದು ತುದಿ ಕಂಬದ ಒಳಬದಿಗೆ ಹೋದರೂ ಓಟ ಲೆಕ್ಕಕ್ಕಿಲ್ಲ.

ಇವುಗಳನ್ನು ಕುಳಿತು ನೋಡಬೇಡಿ, ಎದ್ದು ನಿಂತು ನೋಡಿ. ಚಾವಡಿಯ ನೆಲದ ಮೇಲೆ ಬರಿಗಾಲಲ್ಲಿ, ಪಾದಗಳ ನಡುವೆ ಒಂದು ಗೇಣು ಬಿಟ್ಟು, ಮಂಡಿ ಸ್ವಲ್ಪ ಬಗ್ಗಿಸಿ ನಿಲ್ಲಿ. ಪರದೆಯಲ್ಲಿ ತಿರುವು ಬಂದಂತೆ ಹೊರಗಿನ ಪಾದಕ್ಕೆ ಭಾರ ಹಾಕಿ. ಕ್ಯಾಮೆರಾ ಕೆಳಗಿನಿಂದ ನೋಡುತ್ತಿದ್ದರೆ ಎಡಬಲ ಕನ್ನಡಿಯಂತೆ ತಿರುಗಿರುತ್ತದೆ, ಅದನ್ನು ಮರೆಯಬೇಡಿ. ಎಂಟು ಮಂದಿ ಇಳಿಯುವುದರೊಳಗೆ ತೊಡೆ ಕಾಯುತ್ತದೆ. ಒಂಬತ್ತನೆಯವನು ತಡವಾಗಿ ತಿರುಗಿದಾಗ ನಿಮ್ಮ ಮಂಡಿ ಅದನ್ನು ಗಡಿಯಾರಕ್ಕಿಂತ ಮೊದಲು ಹೇಳುತ್ತದೆ. ಅಕ್ಕನ ಮಗನಿಗೆ ನಾನು ಕೊಟ್ಟ ಉತ್ತರ ಇದೇ. ಅವನು ಹಿಮವನ್ನು ಕಂಡವನೇ ಅಲ್ಲ, ಆದರೂ ಆ ಸಂಜೆಯ ಎರಡನೆಯ ಓಟದಲ್ಲಿ ಮೂರು ಬಾರಿ "ತಡ ಆಯಿತು" ಎಂದು ಕೂಗಿದ, ಎರಡು ಬಾರಿ ಸರಿಯಾಗಿತ್ತು.

ಆರಂಭದ ಗೇಟನ್ನೂ ಗಮನಿಸಿ. ಇಳಿಯುವ ಮುನ್ನ ಸ್ಪರ್ಧಿಗಳು ಕಣ್ಣು ಮುಚ್ಚಿ, ಅಂಗೈಯನ್ನು ಸ್ಕೀಯಂತೆ ಅತ್ತಿತ್ತ ಆಡಿಸುತ್ತಾ ನಿಂತಿರುತ್ತಾರೆ. ಬೆಳಿಗ್ಗೆ ನೋಡಿದ ಗೇಟುಗಳನ್ನೆಲ್ಲ ಮನಸ್ಸಿನಲ್ಲೇ ಇಳಿಯುತ್ತಿದ್ದಾರೆ. ಗೇಟು ನೆಡುವವರು ಯಾವುದಾದರೂ ಒಂದು ತಂಡದ ತರಬೇತುದಾರರು; ಎರಡನೆಯ ಓಟಕ್ಕೆ ಬೇರೊಬ್ಬರು, ಬೇರೆಯೇ ಹಾದಿ.

ಗಡಿಯಾರವನ್ನು ನಂಬುವ ಬಗೆ

ಪೈವಳಿಕೆಯ ಕಂಬಳ ನೋಡಿದವರಿಗೆ ಸೆಕೆಂಡಿನ ನೂರನೆಯ ಒಂದು ಭಾಗ ಹೊಸದಲ್ಲ. ಓಟ ಮುಗಿಯುವ ಮಂಜೊಟ್ಟಿಯಲ್ಲಿ ಲೇಸರ್ ಇಟ್ಟು ಕೋಣಗಳ ಸಮಯವನ್ನು ಎರಡು ದಶಮಾಂಶದವರೆಗೆ ಬರೆಯುವ ನಾಡು ಇದು. ಸ್ಕೀ ರೇಸಿನಲ್ಲೂ ಲೆಕ್ಕ ಅಷ್ಟೇ ಸೂಕ್ಷ್ಮ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ 0.01 ಸೆಕೆಂಡ್ ಎಂದರೆ 28 ಸೆಂಟಿಮೀಟರ್, ಒಂದು ಗೇಣಿಗಿಂತ ತುಸು ಹೆಚ್ಚು. ಅದಕ್ಕಿಂತ ಕೆಳಗೆ ಒಡೆಯುವುದಿಲ್ಲ. 2014ರ ಸೋಚಿ ಒಲಿಂಪಿಕ್ಸ್‌ನ ಮಹಿಳೆಯರ ಡೌನ್‌ಹಿಲ್‌ನಲ್ಲಿ ಡೊಮಿನಿಕ್ ಗೀಸಿನ್ ಮತ್ತು ಟೀನಾ ಮಾಜೆ ಸಮಸಮಯ ಪಡೆದಾಗ ಇಬ್ಬರಿಗೂ ಚಿನ್ನ ಕೊಟ್ಟರು.

ಕಂಬಳಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಅಲ್ಲಿ ಕರೆ (ಕೋಣಗಳು ಓಡುವ ಕೆಸರಿನ ಹಾದಿ) ಅದೇ, ಹೋದ ವರ್ಷದ ಸಮಯಕ್ಕೆ ಈ ವರ್ಷದ್ದನ್ನು ಹೋಲಿಸಬಹುದು. ಸ್ಲಾಲಮ್, ಜೈಂಟ್ ಸ್ಲಾಲಮ್‌ನಲ್ಲಿ ಪ್ರತಿ ಓಟಕ್ಕೂ ಗೇಟು ಬದಲಾಗುವುದರಿಂದ ದಾಖಲೆ ಎಂಬ ಮಾತಿಗೆ ಅರ್ಥವಿಲ್ಲ, ಅಂದಿನ ಹಾದಿಯಲ್ಲಿ ಅಂದಿನ ಅಂತರ ಮಾತ್ರ ನಿಜ. ಡೌನ್‌ಹಿಲ್ ಹಾದಿ ಹೆಚ್ಚು ಕಡಿಮೆ ಅದೇ ಇರುವುದರಿಂದ, ಕಿಟ್ಸ್‌ಬ್ಯೂಯೆಲ್‌ನಲ್ಲಿ 1997ರಲ್ಲಿ ಫ್ರಿಟ್ಸ್ ಸ್ಟ್ರೋಬ್ಲ್ ಮಾಡಿದ 1 ನಿಮಿಷ 51.58 ಸೆಕೆಂಡಿನಂಥ ಅಂಕಿಗಳನ್ನು ಜನ ಇನ್ನೂ ನೆನೆಯುತ್ತಾರೆ.

ಪರದೆಯ ಮೂಲೆಯಲ್ಲಿ ಹಸಿರಾಗಿ (ಮುಂದಿದ್ದರೆ), ಕೆಂಪಾಗಿ (ಹಿಂದಿದ್ದರೆ) ಬರುವ ಅಂಕಿ ಮೊದಲ ಸ್ಥಾನದಲ್ಲಿರುವವನಿಗೂ ಇಳಿಯುತ್ತಿರುವವನಿಗೂ ಅಲ್ಲಿಯವರೆಗಿನ ಒಟ್ಟು ಅಂತರ. ಅದನ್ನೇ ನೋಡುತ್ತಿದ್ದರೆ ಮೋಸಹೋಗುತ್ತೇವೆ. ಒಬ್ಬ ಸ್ಪರ್ಧಿ ಮೊದಲ ಹಂತದಲ್ಲಿ 0.20 ಮುಂದಿದ್ದಾನೆ, ಎರಡರಲ್ಲಿ 0.25 ಮುಂದೆ, ಮೂರರಲ್ಲಿ 0.05 ಹಿಂದೆ, ಕೊನೆಯಲ್ಲಿ 0.02 ಹಿಂದೆ ಎಂದು ಇಟ್ಟುಕೊಳ್ಳಿ. ಕೊನೆಯ ಗೆರೆಯಲ್ಲಿ ಕೆಂಪು ಬಂತು ಎಂದು ಕೊನೆಯ ಭಾಗದಲ್ಲಿ ಸೋತ ಎನ್ನುವುದು ತಪ್ಪು. ಅಲ್ಲಿ ಆತ 0.03 ಗಳಿಸಿದ್ದಾನೆ. ಕಳೆದದ್ದು ಮೂರನೆಯ ಭಾಗದಲ್ಲಿ, ಪೂರ್ತಿ 0.30. ಈಗ ಆ ಭಾಗದ ಮೊದಲ ಗೇಟಿಗೆ ವಿಡಿಯೊವನ್ನು ಹಿಂದಕ್ಕೆ ಓಡಿಸಿ. ನಷ್ಟದ ಬೀಜ ಹೆಚ್ಚಾಗಿ ಭಾಗದ ಆರಂಭದಲ್ಲೇ ಇರುತ್ತದೆ.

ನಾನು ಇದಕ್ಕೆಂದು ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಪ್ರತಿ ರೇಸಿಗೆ ಒಂದು ಪುಟ: ಮೇಲೆ ಹಾದಿಯ ಹೆಸರು, ನಾನು ಆರಿಸಿದ ಗೇಟು, ಕೆಳಗೆ ಬಿಬ್ ಸಂಖ್ಯೆ, ಪುಡಿ ಎದ್ದದ್ದು ಮೇಲೋ ಕೆಳಗೋ, ಆ ಭಾಗದ ಅಂತರ. ಐದಾರು ರೇಸ್ ಬರೆದ ಮೇಲೆ ಹೆಸರು ನೋಡದೆ ಇಳಿಯುವ ರೀತಿಯಿಂದಲೇ ಆಳನ್ನು ಗುರುತಿಸಲು ಬರುತ್ತದೆ.

ಬೀಳುವುದನ್ನು ಕುರಿತು

ಡೌನ್‌ಹಿಲ್‌ನಲ್ಲಿ ಬೀಳುತ್ತಾರೆ, ಕೆಲವೊಮ್ಮೆ ಬಹಳ ಕೆಟ್ಟದಾಗಿ. ನಾರ್ವೆಯ ಅಲೆಕ್ಸಾಂಡರ್ ಓಮೊಟ್ ಕಿಲ್ಡೆ 2024ರ ಜನವರಿಯಲ್ಲಿ ವೆಂಗೆನ್‌ನಲ್ಲಿ ಬಿದ್ದಾಗ ಸ್ಕೀಯ ಅಂಚೇ ಮೀನಖಂಡವನ್ನು ಸೀಳಿತ್ತು. 2024-25ರಿಂದ ವೇಗದ ಓಟಗಳಲ್ಲಿ ಬಟ್ಟೆಯೊಳಗೆ ಏರ್‌ಬ್ಯಾಗ್ ಧರಿಸುವುದು ಕಡ್ಡಾಯವಾಗಿದೆ. ಬಿದ್ದ ದೃಶ್ಯದ ತುಣುಕುಗಳನ್ನು ಮೊಬೈಲಿನಲ್ಲಿ ಹಂಚುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಾದಿಯ ಬದಿಯ ಬಲೆಯ ಬಳಿಯಿಂದ ಬಿದ್ದವನು ಎದ್ದು ಕೈ ಬೀಸುವವರೆಗೆ ಕಾಯಿರಿ, ಆಮೇಲೆ ಮುಂದಿನವನನ್ನು ನೋಡಿ. ನಾವು ಹವ್ಯಾಸಿಗಳು ಅವರ ತಿರುವಿನಿಂದ ಕಲಿಯಬಹುದು, ವೇಗದಿಂದ ಅಲ್ಲ.

ನಮ್ಮವರನ್ನು ಹುಡುಕಿಕೊಳ್ಳಿ

ಯಾರ ಪರ ಕೂಗಬೇಕು ಎಂಬುದು ರೇಸ್ ನೋಡುವವನಿಗೆ ಮುಖ್ಯ. ಉಷ್ಣದೇಶದ ನಮಗೆ ಲುಕಾಸ್ ಪಿನ್ಯೇರೊ ಬ್ರಾಥೆನ್ ಒಳ್ಳೆಯ ಆಯ್ಕೆ. ನಾರ್ವೆಯ ಪರ ಆಡಿ 2023ರಲ್ಲಿ ಸ್ಲಾಲಮ್‌ನ ಗೋಳ ಗೆದ್ದು, ಆ ಅಕ್ಟೋಬರಿನಲ್ಲೇ ನಿವೃತ್ತಿ ಘೋಷಿಸಿ, ಮರುವರ್ಷ ತಾಯಿಯ ದೇಶವಾದ ಬ್ರೆಜಿಲ್ ಪರ ಮರಳಿದರು. 2024ರ ಡಿಸೆಂಬರಿನಲ್ಲಿ ಬೀವರ್ ಕ್ರೀಕ್‌ನಲ್ಲಿ ಎರಡನೆಯವರಾದಾಗ ವಿಶ್ವಕಪ್ ವೇದಿಕೆಗೆ ಬ್ರೆಜಿಲ್ ಮೊದಲ ಬಾರಿ ಏರಿತು.

ಭಾರತೀಯರನ್ನು ನೋಡಲು ವಿಶ್ವಕಪ್ ಪಟ್ಟಿ ಸಾಲದು, ಎಫ್‌ಐಎಸ್ ಜಾಲತಾಣದ ಸ್ಪರ್ಧಿಗಳ ವಿಭಾಗದಲ್ಲಿ ಭಾರತವನ್ನು ಆರಿಸಬೇಕು. ಅಲ್ಲಿ ಪ್ರತಿಯೊಬ್ಬರ ಎದುರು, ವಿಶ್ವಕಪ್ ಅಂಕಕ್ಕಿಂತ ಬೇರೆಯಾದ ಒಂದು ಅಂಕ ಇರುತ್ತದೆ. ಈ ಅಂಕ ಕಡಿಮೆಯಾದಷ್ಟೂ ಒಳ್ಳೆಯದು, ಸೊನ್ನೆಯೇ ಉತ್ತಮ. ಲೆಕ್ಕ ಸುಲಭ: ನಿಮ್ಮ ಸಮಯವನ್ನು ಗೆದ್ದವರ ಸಮಯದಿಂದ ಭಾಗಿಸಿ, ಒಂದು ಕಳೆದು, ವಿಭಾಗದ ಗುಣಾಂಕದಿಂದ ಗುಣಿಸಬೇಕು. ಗುಣಾಂಕ ಜೈಂಟ್ ಸ್ಲಾಲಮ್‌ಗೆ 1010, ಸ್ಲಾಲಮ್‌ಗೆ 730. ಅದಕ್ಕೆ ಸ್ಪರ್ಧೆಯ ಮಟ್ಟಕ್ಕೆ ತಕ್ಕಂತೆ ಒಂದು ದಂಡಾಂಕ ಸೇರುತ್ತದೆ.

ನಿಜವಾದ ಉದಾಹರಣೆ ತೆಗೆದುಕೊಳ್ಳೋಣ. ಗುಲ್ಮಾರ್ಗ್ ಸೀಮೆಯ ಆರಿಫ್ ಖಾನ್ 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿ. ಹಿಮ ಸುರಿಯುತ್ತಿದ್ದ ದಿನ, ಹಲವರು ಕೊನೆ ಮುಟ್ಟದ ಜೈಂಟ್ ಸ್ಲಾಲಮ್‌ನಲ್ಲಿ ಅವರು ಎರಡೂ ಓಟ ಮುಗಿಸಿ 2 ನಿಮಿಷ 47.24 ಸೆಕೆಂಡಿನೊಂದಿಗೆ 45ನೆಯವರಾದರು. ಗೆದ್ದ ಓಡರ್ಮಾಟ್ ಸಮಯ 2 ನಿಮಿಷ 9.35. ಅಂದರೆ 167.24ನ್ನು 129.35ರಿಂದ ಭಾಗಿಸಿ, ಒಂದು ಕಳೆದು, 1010ರಿಂದ ಗುಣಿಸಿದರೆ ಸುಮಾರು 296. ಒಮ್ಮೆ ನೀವೇ ಕಾಗದದ ಮೇಲೆ ಮಾಡಿ ನೋಡಿ. ಆಮೇಲೆ ಭಾರತೀಯರ ಪಟ್ಟಿಯಲ್ಲಿ ಯಾರ ಅಂಕ ಈ ವರ್ಷ ಎಷ್ಟು ಇಳಿಯಿತು ಎಂಬುದೇ ಒಂದು ರೇಸಿನಂತೆ ಕಾಣತೊಡಗುತ್ತದೆ. ಮನಾಲಿ ಬಳಿಯ ಆಂಚಲ್ ಠಾಕೂರ್ 2018ರ ಜನವರಿಯಲ್ಲಿ ಟರ್ಕಿಯ ಎರ್ಜುರುಮ್‌ನಲ್ಲಿ ಸ್ಲಾಲಮ್ ಕಂಚು ಗೆದ್ದು, ಅಂತಾರಾಷ್ಟ್ರೀಯ ಸ್ಕೀ ಸ್ಪರ್ಧೆಯಲ್ಲಿ ಭಾರತಕ್ಕೆ ಮೊದಲ ಪದಕ ತಂದರು. ನಮಗೆ ಇನ್ನೂ ಹತ್ತಿರದವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಅವರದು ಇಳಿಜಾರಿನ ರೇಸ್ ಅಲ್ಲ, ಹಿಮದ ಮೇಲಿನ ದೂರದ ಓಟವಾದ ಕ್ರಾಸ್ ಕಂಟ್ರಿ. ಕಾಫಿ ತೋಟದ ನಾಡಿನ ಹುಡುಗಿ ಅಲ್ಲಿಗೆ ಮುಟ್ಟಿದ್ದಾಳೆ ಎಂಬುದನ್ನು ನಾನು ನಮ್ಮ ಮಕ್ಕಳಿಗೆ ಮತ್ತೆ ಮತ್ತೆ ಹೇಳುತ್ತೇನೆ.

ನೋಡಿದ್ದನ್ನು ಕಾಲಿಗೆ ಇಳಿಸುವುದು

ಮುಂದಿನ ಬಾರಿ ಹಿಮಕ್ಕೆ ಹೋದಾಗ ರೇಸಿನ ಸ್ಕೀ ಬಾಡಿಗೆಗೆ ಕೇಳಬೇಡಿ. ವಿಶ್ವಕಪ್ ಪುರುಷರ ಜೈಂಟ್ ಸ್ಲಾಲಮ್ ಸ್ಕೀ 193 ಸೆಂಟಿಮೀಟರ್ ಉದ್ದ, ಅದರ ತಿರುವಿನ ತ್ರಿಜ್ಯ 30 ಮೀಟರ್. ಅವರ ವೇಗವಿಲ್ಲದೆ ಅದು ಬಾಗುವುದೇ ಇಲ್ಲ. ನಿಮ್ಮ ಗಲ್ಲಕ್ಕೂ ಮೂಗಿಗೂ ನಡುವೆ ಬರುವ, ನಡು ಕಿರಿದಾದ ಸ್ಕೀ ಸಾಕು. ಅಂಚು ಹರಿತವಾಗಿದೆಯೇ ಎಂದು ಉಗುರನ್ನು ಅಡ್ಡಲಾಗಿ ಎಳೆದು ನೋಡಿ. ತೆಳುವಾಗಿ ಉಗುರು ಹೆರೆದು ಬಂದರೆ ಸರಿ, ಜಾರಿಹೋದರೆ ಬೇರೆ ಜೋಡಿ ಕೇಳಿ.

ಹಿಮ ಗಟ್ಟಿಯಾಗಿರುವ ಬೆಳಗಿನ ಹೊತ್ತಿನಲ್ಲಿ, ಹೊಸಬರು ಕಲಿಯುವ ಸೌಮ್ಯ ಇಳಿಜಾರಿನಲ್ಲಿ, ತರಬೇತುದಾರರ ಒಪ್ಪಿಗೆ ಪಡೆದು ಆರು ಗಿಡ್ಡ ಗುರುತುಗಳನ್ನು ನೆಡಿಸಿಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಹತ್ತು ಹನ್ನೆರಡು ಮೀಟರ್, ಎಡಬಲಕ್ಕೆ ಮೂರು ಮೀಟರಿನಷ್ಟು ಸರಿಸಿ. ಮೊದಲ ಇಳಿತದಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಗುರುತನ್ನೇ ನೋಡುತ್ತಾ ಅದರತ್ತ ನೇರ ಹೋಗಿ, ಮುಟ್ಟಿದ ಮೇಲೆ ತಿರುಗುವುದು. ಮೂರನೆಯ ಗುರುತಿಗೆ ಬರುವಷ್ಟರಲ್ಲಿ ಹಾದಿಯಿಂದ ಹೊರಗೆ ಹೋಗಿರುತ್ತೇವೆ. ಕಣ್ಣನ್ನು ಒಂದು ಗುರುತು ಮುಂದಕ್ಕೆ ಇಡಿ, ಗುರುತಿಗೆ ಮೂರು ಮೀಟರ್ ಮೊದಲೇ ತಿರುವು ಆರಂಭಿಸಿ. ಹಾಗೆ ಹೋಗುವಾಗ ಸುತ್ತು ಹೆಚ್ಚಾಯಿತು, ನಿಧಾನವಾಯಿತು ಎನಿಸುತ್ತದೆ. ಗೆಳೆಯರೊಬ್ಬರು ಕೆಳಗಿನಿಂದ ಮೊಬೈಲಿನಲ್ಲಿ ಚಿತ್ರೀಕರಿಸಲಿ, ಸಮಯ ನೋಡಲಿ. ನೇರ ಹೋದ ಇಳಿತವನ್ನೂ ಸುತ್ತಿ ಹೋದ ಇಳಿತವನ್ನೂ ಅಕ್ಕಪಕ್ಕ ಇಟ್ಟಾಗ ಅಂಕಿ ಏನು ಹೇಳುತ್ತದೆ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ನೋಟುಪುಸ್ತಕದ ಒಂದು ಪುಟದ ತಲೆಗೆ ನಿಮ್ಮ ಹೆಸರು ಬರೆದು, ಅಡೆಲ್ಬೋಡೆನ್ ಪುಟದಲ್ಲಿ ಬರೆದಂತೆಯೇ, ಪುಡಿ ಎದ್ದದ್ದು ಗುರುತಿನ ಮೇಲೋ ಕೆಳಗೋ ಎಂದು ತುಂಬಿಸಿ.